ಅಂಚಿನ ನೀಲಿ ಎಳೆ

೧೦ ಮಾರ್ಚ್, ಮಂಗಳವಾರ

ಮೊಮ್ಮಗಳು ವರ್ಷಿಣಿ ನಜರ್‌ಬಾದಿನ ಕ್ರಿಕೆಟ್ ಕ್ಯಾಂಪಿನಿಂದ ಅಳುತ್ತ ಬಂದಳು. ನಮ್ಮಜ್ಜಿ ಇಂಡಿಯಾಗೆ ವಿಕೆಟ್ ಕೀಪಿಂಗ್ ಮಾಡಿದ್ದರು ಅಂದದ್ದಕ್ಕೆ ಎಲ್ಲರೂ ನಕ್ಕರಂತೆ.

"ಏನಾದ್ರೂ ಇದ್ರೆ ಕೊಡಜ್ಜಿ, ನಾಳೆ ತೋರಿಸ್ಬುಡ್ತೀನಿ."

ಏನು ಕೊಡಲಿ? ಆಡಿದ್ದು ಮೂರು ಟೆಸ್ಟ್. ಇಂಟರ್‌ನೆಟ್‌ನಲ್ಲಿ ಬರೀ ಹೆಸರಿದೆ, ಫೋಟೊ ಇಲ್ಲ. ಟೀಮ್ ಬ್ಲೇಜರನ್ನು ಸರಣಿ ಮುಗಿದಾಗಲೇ ಕ್ರಿಕೆಟ್ ಸಂಸ್ಥೆಯವರು ವಾಪಸು ತೆಗೆದುಕೊಂಡಿದ್ದರು. ಉಳಿದಿದ್ದ ಟೀಮ್ ಸ್ವೆಟರನ್ನು ಬಾಣಂತನದಲ್ಲಿ ನಾನೇ ಬಿಚ್ಚಿ, ಆ ಉಣ್ಣೆಯಲ್ಲಿ ಮಗನಿಗೆ ಕುಲಾವಿ ಹೆಣೆದೆ. "ಇನ್ಯಾಕಮ್ಮ ಅದು, ಬಿಚ್ಬುಡು" ಅಂದಿದ್ದರು ಅತ್ತೆ. ನಾನೂ ಹೂಂ ಅಂದಿದ್ದೆ. ಯಾಕಂದೆನೋ.

ಸಂಜೆಯಿಂದ ಟ್ರಂಕನ್ನು ಮೂರು ಸಲ ತಡಕಿದೆ. ಸಿಕ್ಕಿದ್ದು ಕುಲಾವಿ. ಅಂಚಿನಲ್ಲಿ ಸ್ವೆಟರಿನ ನೀಲಿ ಎಳೆ ಇನ್ನೂ ಮಾಸಿಲ್ಲ. ಇದನ್ನು ಬಿಚ್ಚಿದರೆ ಮತ್ತೆ ಸ್ವೆಟರ್ ಆಗುವುದಿಲ್ಲವೆಂದು ಗೊತ್ತು. ಆದರೂ ತುದಿ ಹುಡುಕಿ ಎಳೆದೆ. ನಾಲ್ಕು ಸಾಲು ಹೋಗಿದೆ, ಕೈ ನಿಲ್ಲುತ್ತಿಲ್ಲ.