ಆಡಿನ ಜೋಕಿಗೆ ನೀನು ನಕ್ಕ ದಿನ

ಪಂದೇಲೆ ಭಾವನಿಗೆ, ಬುಸ್ತೆನಾರಿಯಿಂದ ನಿನ್ನ ಮೈದುನ ನ್ಯಾಗು ಮಾಡುವ ನಮಸ್ಕಾರ.

ಆ ದಿನ ಎಣ್ಣೆಬಾವಿಯಲ್ಲಿ ಹಸಿವಿನಿಂದ ತಲೆ ತಿರುಗಿ ಬಿದ್ದೆ ಎಂದು ನೀನು ಈಗಲೂ ಹೇಳಿಕೊಂಡು ತಿರುಗುತ್ತಿದ್ದೀಯಂತೆ. ಗಾಡಿ ಹೊಡೆಯುವ ತುದೋಸೆ ಹೇಳಿದ. ಸುಳ್ಳು, ಭಾವ. ಆ ಬೆಳಿಗ್ಗೆ ನಿನ್ನ ಪಾಲಿನ ಮಾಮಲಿಗಾ, ಆ ಮೆಕ್ಕೆಜೋಳದ ಮುದ್ದೆ, ಮುಗಿಸಿ, ಅಕ್ಕನ ಪಾಲಿಗೂ ಕೈಹಾಕಿ, ತೇಗಿಕೊಂಡೇ ನೀನು ಬಾವಿಗೆ ಇಳಿದಿದ್ದು. ಏನಾಯಿತೆಂದು ನಿನಗೆ ನೆನಪಿಲ್ಲ. ಅಕ್ಕನಿಗೆ ನಾನು ಪೂರ್ತಿ ಹೇಳಿಲ್ಲ. ಈಗ ಬರೆಯಲೇಬೇಕಾಗಿದೆ. ಸೋಮವಾರ ನೀನು ಕೆಲಸಕ್ಕೆ ಹೋದ ಊರಲ್ಲಿ ಹಳೆಯ ಎಣ್ಣೆಬಾವಿಯೊಂದಕ್ಕೆ ಇಳಿಯುತ್ತೀಯಂತೆ. ಇನ್ನೊಂದು ಮಾತೂ ಹೇಳಿ ಕಳಿಸಿದ್ದೀಯ: "ಮೇಲೆ ನಿಲ್ಲೋರು ಭಾರಿ ಮೋಜಿನ ಜನ, ನಗಿಸ್ತಾನೇ ಇರ್ತಾರೆ, ಹೆದರ್ಬೇಡಿ." ಅದನ್ನು ಕೇಳಿದಾಗಿನಿಂದ ನನಗೆ ನಿದ್ದೆ ಹತ್ತಿಲ್ಲ.

ಆ ದಿನ ಕನ್ನಡಿ ನನ್ನ ಕೈಯಲ್ಲಿತ್ತು. ದೀಪ ಇಳಿಸಿದರೆ ಬಾವಿಯೇ ದೀಪವಾಗಿಬಿಡುತ್ತದಲ್ಲ, ಅದಕ್ಕೇ ಬಿಸಿಲನ್ನು ಕನ್ನಡಿಯಲ್ಲಿ ಹಿಡಿದು ನಿನ್ನ ತಗಡಿನ ಟೋಪಿಯ ಮೇಲೆ ಬೀಳಿಸುತ್ತಿದ್ದೆ. ಪಕ್ಕದಲ್ಲಿ ಒಬ್ಬ ತಿದಿ ತುಳಿದು ನಿನಗೆ ಗಾಳಿ ಕಳಿಸುತ್ತಿದ್ದ. ನಿನ್ನ ಹಗ್ಗ ಸುತ್ತಿದ್ದ ರಾಟೆಗೆ ನಮ್ಮ ಕುಂಟು ಕುದುರೆಯನ್ನು ಕಟ್ಟಿದ್ದೆವು. ಕನ್ನಡಿ ಹಿಡಿದವನಿಗೆ ಇನ್ನೊಂದು ಕೆಲಸವೂ ಇದೆ: ಕೆಳಗಿನವನ ಬಾಯಿ ಮುಚ್ಚಲು ಬಿಡಬಾರದು. ಮಾತು ನಿಂತರೆ ಕೆಟ್ಟ ಗಾಳಿ, ನಗು ಬಂದರೆ ಒಳ್ಳೆ ಗಾಳಿ. ನಮ್ಮ ಅಜ್ಜಂದಿರ ಲೆಕ್ಕ ಅದು. ಶಾಲೆಯಲ್ಲಿ ಬೆತ್ತ ತಿನ್ನಿಸಿದ ಈ ಬಾಯಿಗೆ ಅನ್ನ ಸಿಕ್ಕಿದ್ದೂ ಆ ಲೆಕ್ಕದಿಂದಲೇ.

ಹೇಳಲು ಹೊಸದೇನೂ ಉಳಿದಿರಲಿಲ್ಲ. ಆಡಿನ ಜೋಕನ್ನೇ ತೆಗೆದೆ. "ಭಾವ, ನಮ್ ಪಾದ್ರಿಗೂ ಅವರ ಆಡಿಗೂ ಏನು ವ್ಯತ್ಯಾಸ? ಆಡು ಮಳೆ ಬಂದಾಗಾದ್ರೂ ಗಡ್ಡ ತೊಳ್ಕೊಳ್ಳುತ್ತೆ."

ನಿನ್ನ ಮದುವೆಯ ದಿನದಿಂದ ಹೇಳುತ್ತಾ ಬಂದ ಜೋಕು. ಒಮ್ಮೆಯೂ ನೀನು ಹಲ್ಲು ಬಿಟ್ಟವನಲ್ಲ. ಪ್ರತಿ ಸಲವೂ ಒಂದೇ ಉತ್ತರ: "ಆ ಜೋಕು ಕೇಳೋದಕ್ಕಿಂತ ಹಗ್ಗ ಕತ್ತರ್ಸೋ, ಸಾಯ್ತೀನಿ."

ಆ ದಿನ ನೀನು ನಕ್ಕೆ.

ಹೊಟ್ಟೆ ಹಿಡಿದುಕೊಂಡು ನಕ್ಕೆ. "ಇನ್ನೊಂದ್ಸಲ ಹೇಳೋ ನ್ಯಾಗು" ಅಂದೆ. ತಿದಿ ತುಳಿಯುವವನೂ ನಕ್ಕ. ಮೇಸ್ತ್ರಿ ವೊಯ್ಕು ಮೀಸೆ ತಿರುವಿ, "ಇವತ್ತು ಗಾಳಿ ಭಾರಿ ಚೆನ್ನಾಗಿದೆ ಕಣ್ರೋ" ಅಂದ. ನಾನು ಮಾತ್ರ ಅವರ ಕಡೆ ತಿರುಗಿದೆ.

"ಎಳೀರಿ" ಅಂದೆ.

"ಯಾಕೋ? ನಗ್ತಾ ಇದಾನಲ್ಲ."

"ಅದಕ್ಕೇ ಎಳೀರಿ. ಆ ಜೋಕು ಚೆನ್ನಾಗಿಲ್ಲ."

"ನಿನ್ ಜೋಕು ಯಾವತ್ತು ಚೆನ್ನಾಗಿತ್ತು? ಕನ್ನಡಿ ಹಿಡಿ ಸುಮ್ನೆ. ಮಣ್ಣಿನ ಬುಟ್ಟಿ ತುಂಬ್ಲಿ."

ಹುಟ್ಟಿದಾಗಿನಿಂದ ತಮಾಷೆ ಮಾಡಿಕೊಂಡು ಬಂದವನ ಕಷ್ಟ ಇದು, ಭಾವ. ಅಳುತ್ತಾ ಹೇಳಿದರೂ ಜನ ಮುಂದಿನ ಸಾಲಿಗೆ ಕಾಯುತ್ತಾರೆ. ಕೆಳಗೆ ನೀನು ನಗುತ್ತಲೇ ಇದ್ದೆ. ಟೋಪಿ ತೆಗೆದು ಗೋಡೆಯ ಕಡ್ಡಿ ತಡಿಕೆಗೆ ಬಡಿಯುತ್ತಿದ್ದೆ, ಮದುವೆ ಮನೆಯ ಡೋಲಿನ ಹಾಗೆ. ಸೊಂಟದ ಹಗ್ಗದ ಗಂಟಿಗೆ ನಿನ್ನ ಕೈ ಹೋದದ್ದು ಬೆಳಕಿನಲ್ಲಿ ಕಂಡಿತು. ಸೆಕೆ ಅಂತ ಬಿಚ್ಚಲು ಹೊರಟಿದ್ದೆಯೋ ಏನೋ.

ಕನ್ನಡಿ ಎಸೆದೆ. ಬಾವಿ ಕತ್ತಲಾಯಿತು. ಓಡಿ ಕುದುರೆಗೆ ನನ್ನ ಟೋಪಿಯಲ್ಲಿ ಬಾರಿಸಿದೆ. ಅದು ಎಂದಿನಂತೆ ಯೋಚನೆ ಮಾಡುತ್ತಾ ನಿಂತಿತು. ಅದರ ಕಿವಿ ಕಚ್ಚಿದೆ, ದೇವರಾಣೆ. ರಾಟೆ ತಿರುಗಿತು. ಹಗ್ಗ ಬಿಗಿಯಾಯಿತು. ಗಂಟು ಇನ್ನೂ ಇತ್ತು. ನಿನ್ನ ನಗು ಮೇಲೆ ಮೇಲೆ ಬರುತ್ತಿತ್ತು, ಹತ್ತಿರ, ಇನ್ನೂ ಹತ್ತಿರ. ಅರ್ಧ ದಾರಿಯಲ್ಲಿ ನಿಂತುಹೋಯಿತು.

ಆಮೇಲೆ ರಾಟೆಯ ಕಿರುಗುಟ್ಟುವಿಕೆ ಒಂದೇ. ವೊಯ್ಕು ಶಿಲುಬೆ ಗುರುತು ಹಾಕಿಕೊಳ್ಳುತ್ತಾ ಹಗ್ಗಕ್ಕೆ ಕೈಹಚ್ಚಿದ.

ಹುಲ್ಲಿನ ಮೇಲೆ ಮಲಗಿಸಿದಾಗ ನಿನ್ನ ಮುಖ ಬೂದಿಯ ಬಣ್ಣ, ತುಟಿಯಲ್ಲಿ ಮಾತ್ರ ಆ ನಗು ಹಾಗೇ ಅಂಟಿಕೊಂಡಿತ್ತು. ಎದೆ ಒತ್ತಿದೆವು, ನೀರು ಎರಚಿದೆವು, ಮೂಗಿಗೆ ಪ್ಲಮ್ ಸಾರಾಯಿ ಹಿಡಿದೆವು. ಏನೂ ಇಲ್ಲ. ಇನ್ನೇನು ಮಾಡಬೇಕೆಂದು ತಿಳಿಯದೆ, ನಿನ್ನ ಕಿವಿಯಲ್ಲಿ ಆಡಿನ ಜೋಕು ಹೇಳಿದೆ. ಎರಡು ಸಲ ಹೇಳಿದೆ. ಮೂರನೆಯ ಸಲ ನೀನು ಕೆಮ್ಮಿ, ಕಣ್ಣು ಮುಚ್ಚಿಕೊಂಡೇ, "ಹಗ್ಗ ಕತ್ತರ್ಸೋ" ಅಂದೆ. ಅಷ್ಟು ಚೆಂದದ ಮಾತನ್ನು ನನಗೆ ಈವರೆಗೆ ಯಾರೂ ಹೇಳಿಲ್ಲ.

ನಿಮ್ಮಲ್ಲಿ ಬಾವಿ ಕೊರೆಯುವ ಮರದ ಗೋಪುರ ಬಂದಿದೆಯಂತೆ, ಕಬ್ಬಿಣದ ಕಂಬಿಗೆ ಉಳಿ ಕಟ್ಟಿ ನೆಲವನ್ನು ಕುಟ್ಟುತ್ತದಂತೆ. ಉಳಿಗೆ ಉಸಿರು ಬೇಕಿಲ್ಲ, ಅದೇ ಇಳಿಯಲಿ ಎಂದರೆ ನೀನು ಕೇಳುವವನಲ್ಲ. "ತಳ ಸರಿ ಮಾಡ್ಕೊಡೋಕೆ ಮನುಷ್ಯನೇ ಬೇಕು" ಅನ್ನುತ್ತೀಯ. ಸರಿ, ಇಳಿ. ಆದರೆ ಈ ಕಾಗದವನ್ನು ಮೇಲೆ ನಿಲ್ಲುವವನಿಗೆ ಓದಿಸು. ಎಣ್ಣೆಬಾವಿಯ ಕೆಟ್ಟ ಗಾಳಿ ಮೊದಲು ಸಾರಾಯಿಯ ಹಾಗೆ ತಲೆಗೇರಿ ನಗಿಸುತ್ತದೆ, ಆಮೇಲೆ ಕೊಲ್ಲುತ್ತದೆ; ನೀನು ಜೋಕಿಗೆ ನಕ್ಕೆಯೋ ಗಾಳಿಗೆ ನಕ್ಕೆಯೋ ಗೊತ್ತಾಗದೆ ಅವನ ಒಳ್ಳೆಯ ಜೋಕುಗಳು ನನ್ನ ಅಕ್ಕನನ್ನು ವಿಧವೆ ಮಾಡುತ್ತವೆ. ಅವನು ಆಡಿನದನ್ನೇ ಹೇಳಲಿ, ಆಗಾಗ ಹೇಳುತ್ತಲೇ ಇರಲಿ. ನೀನು ಬೈದರೆ ಕೆಲಸ ನಡೆಯಲಿ. ಸುಮ್ಮನಾದರೂ ನಕ್ಕರೂ ಎಳೆಯಲಿ, ಯಾರನ್ನೂ ಕೇಳದೆ.

ತುದೋಸೆ ಗಾಡಿ ಕಟ್ಟುತ್ತಿದ್ದಾನೆ. ಒಳಗಿಂದ ಅಕ್ಕ ಕೂಗುತ್ತಿದ್ದಾಳೆ: "ನ್ಯಾಗು, ಊಟಕ್ಕೆ ಬರ್ತೀಯೋ, ನಿನ್ ಪಾಲು ನಾಯಿಗೆ ಹಾಕ್ಲೋ?" ಹಾಕಿಯೇಬಿಡುತ್ತಾಳೆ, ನಿನಗೆ ಗೊತ್ತಲ್ಲ. ಹೊರಟೆ.

ನಿನ್ನ ಬೈಗುಳ ನನ್ನ ಕಿವಿಗೆ ನೂರು ವರ್ಷ ಬೀಳುತ್ತಿರಲಿ, ಭಾವ.

ಇಂತಿ,
ನಿನ್ನ ಕೆಟ್ಟ ಜೋಕಿನ ಮೈದುನ
ನ್ಯಾಗು