ಉಳಿದ ನಲವತ್ತು ಪುಟ

ತಮ್ಮಾ,

ಆಸ್ಪತ್ರೆಯಿಂದ ಆರು ಗಂಟೆಗೇ ಫೋನ್ ಬಂತು. ಕಣ್ಣಿನ ಆಪರೇಷನ್ ನಾಳೆ ಅಲ್ಲವಂತೆ, ಇವತ್ತೇ. ಪಕ್ಕದ ಮನೆ ನರ್ಸಮ್ಮನ ಜೊತೆ ಹೊರಟಿದ್ದೇನೆ. ನಿನ್ನನ್ನು ಎಬ್ಬಿಸಿದ್ದರೆ ಅತ್ತುಬಿಡುತ್ತಿದ್ದೆ.

ಹಾಲು ಕಾಯಿಸಿಟ್ಟಿದ್ದೇನೆ, ಕುಡಿ. ಎದುರುಮನೆ ಟೀಚರು ಕೋಟು ಕೇಳಲು ಬಂದರೆ, ಗುಂಡಿ ಹಾಕುವುದಷ್ಟೇ ಬಾಕಿ ಅನ್ನು. ಕಣ್ಣಿನ ಸುದ್ದಿ ಎತ್ತಬೇಡ. ಕುರುಡಿಯ ಹತ್ತಿರ ಬಟ್ಟೆ ಹೊಲಿಸುವವರು ಯಾರು?

ನಿನಗೆ ಒಂದು ಮಾತು ಹೇಳಿರಲಿಲ್ಲ ಕಣೋ. ನಿನ್ನೆದುರು "ಏನೂ ಆಗಲ್ಲಮ್ಮ" ಅಂದ ಡಾಕ್ಟರು, ನೀನು ಔಷಧಿ ತರಲು ಹೋದಾಗ "ಎಡಗಣ್ಣು ಉಳಿಯುತ್ತೆ ಅಂತ ಖಾತ್ರಿ ಕೊಡಕ್ಕಾಗಲ್ಲ" ಅಂದರು. ಬಲಗಣ್ಣು ಮೊದಲೇ ಮಂಜು ಮಂಜು.

ಸಂಜೆ ಬರುವಾಗ ಮೇಜಿನ ಮೇಲಿನ ಕಾದಂಬರಿ ತಾ. ನಲವತ್ತು ಪುಟ ಉಳಿದಿದೆ. ಅದರ ಸಿನಿಮಾವನ್ನು ನಿಮ್ಮ ಥಿಯೇಟರಿನಲ್ಲಿ ಮೂರು ವಾರ ಓಡಿಸಿದವನು ನೀನು. "ಎರಡೂವರೆ ಗಂಟೇಲಿ ಮುಗಿಯೋದಕ್ಕೆ ಎರಡು ತಿಂಗಳು ಯಾಕಕ್ಕಾ ಒದ್ದಾಡ್ತೀಯ?" ಅಂತ ಗೇಲಿ ಮಾಡಿದವನೂ ನೀನೇ. ನೋಡಿದರೆ ಆ ನಟಿಯ ಮುಖವೇ ತಲೆಯಲ್ಲಿ ಕೂತುಬಿಡುತ್ತದೆಂದು ನಾನು ಬರಲಿಲ್ಲ. ಓದುವಾಗ ಆ ನಾಯಕಿಗೆ ನಮ್ಮಮ್ಮನ ಮುಖ ಬಂದಿದೆ. ಕಣ್ಣು ಹೋದರೂ ಅದು ಕಾಣಿಸುತ್ತದೆ. ನಿನ್ನ ತೆರೆಯ ಮೇಲಿನದು ಕಾಣಿಸುವುದಿಲ್ಲ.

ನೀನೇ ಓದಿ ಹೇಳಬೇಕು. ಕೊನೆ ಗೊತ್ತು ಅಂತ ಮೊದಲೇ ಬಾಯಿಬಿಡಬೇಡ. ಎರಡೂ ಕಣ್ಣಿಗೆ ಪಟ್ಟಿ ಕಟ್ಟಿರುತ್ತಾರೆ. ನಿದ್ದೆ ಹೋದಳು ಅಂದುಕೊಂಡು ಓದುವುದನ್ನು ನಿಲ್ಲಿಸಬೇಡ.

ಅಕ್ಕ