ಅಳಿಸುವ ಹಕ್ಕು

ಮಾರ್ಚ್ ೩, ಬೆಳಿಗ್ಗೆ ೯

ಅಂಗಡಿ ತೆರೆದೆ. ಕಸೂತಿ ಯಂತ್ರಕ್ಕೆ ಎಣ್ಣೆ ಬಿಟ್ಟೆ. ಕಂಪ್ಯೂಟರಿನಲ್ಲಿ ಮೀನಿನ ಸಾಲಿನ ಡಿಸೈನ್ ಒತ್ತಿದರೆ 'ಅನುಮತಿ ಇಲ್ಲ' ಎಂದಿತು. ಹೂಬಳ್ಳಿ — ಅದೂ ಇಲ್ಲ. ನೂರ ನಲವತ್ತು ಡಿಸೈನ್, ಎಲ್ಲ ನಾನು ಬರೆದವು. ಒಂದೂ ತೆರೆಯದು.

ತಮ್ಮನನ್ನು ಕೇಳಿದೆ.

"ನಾನೇ ಲಾಕ್ ಮಾಡಿದ್ದು ಅಕ್ಕ. ನೀನು ಏನೋ ಒತ್ತಿ ಕೆಡಿಸ್ತೀಯ. ಬೇಕಾದಾಗ ನನ್ನ ಕೇಳು."

ಇವನಿಗೆ ಚಡ್ಡಿಯ ಗುಂಡಿ ಹಾಕಿಕೊಳ್ಳಲು ಕಲಿಸಿದವಳು ನಾನು. ಇವನನ್ನು ಕೇಳಬೇಕಂತೆ!

ಮಾರ್ಚ್ ೪

ಹೊಸ ಕ್ಯಾಟಲಾಗ್ ಬಂತು. ಪುಟಪುಟಕ್ಕೂ 'ವಿನ್ಯಾಸ' ಎಂಬುದರ ಮುಂದೆ ತಮ್ಮನ ಹೆಸರು. ಲಾಕ್ ಯಾಕೆ ಅಂತ ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೂ ತಿಳಿಯಿತು. ಇರಲಿ. ಮಾಡ್ತೀನಿ.

ಮಾರ್ಚ್ ೯, ಮಧ್ಯಾಹ್ನ

ತಮ್ಮ ಊರಲ್ಲಿಲ್ಲ. ಕಂಪ್ಯೂಟರ್ ರಿಪೇರಿಯವಳನ್ನು ಕರೆಸಿದೆ.

"ಒಳಗೆ ಕರ್ನಲ್ ಅಂತ ಇರುತ್ತೆ ದೊಡ್ಡಮ್ಮ, ಕಾವಲುಗಾರ ಇದ್ದಂಗೆ. ಫೈಲ್ ಯಾರ ಹೆಸರಲ್ಲಿದೆ, ಯಾರಿಗೆ ಪರ್ಮಿಷನ್ ಇದೆ, ಅಷ್ಟೇ ನೋಡೋದು."

"ಬರೆದವರು ಯಾರು ಅಂತ ಕೇಳಲ್ವಾ?"

"ಊಹೂಂ."

"ಹಾಗಾದ್ರೆ ಅದಕ್ಕೂ ನನ್ನ ತಮ್ಮನಿಗೂ ಒಬ್ಬನೇ ಗುರು!"

ನಕ್ಕಳು. ಕಂಪ್ಯೂಟರ್ ತಡಕಾಡಿ ಹೇಳಿದಳು: ಅಡ್ಮಿನ್ ಪಾಸ್‌ವರ್ಡ್ ತಮ್ಮನ ಹತ್ತಿರ. ಫೈಲುಗಳನ್ನೆಲ್ಲ ತನ್ನ ಹೆಸರಿಗೆ ಮಾಡಿಕೊಂಡಿದ್ದಾನೆ. ಅವು ಇರುವ ಫೋಲ್ಡರ್ ಮಾತ್ರ ಮರೆತು ನನ್ನ ಹೆಸರಲ್ಲೇ ಬಿಟ್ಟಿದ್ದಾನೆ.

"ಅದರಿಂದೇನು ಬಂತು?"

"ಫೈಲ್ ಓದೋಕಾಗಲ್ಲ, ತಿದ್ದೋಕಾಗಲ್ಲ. ಆದ್ರೆ ಫೋಲ್ಡರ್ ನಿಮ್ದು. ಒಳಗಿರೋದನ್ನ ಅಳಿಸಿದ್ರೆ ಕರ್ನಲ್ ತಡೆಯಲ್ಲ." ಹೇಳಿ ನಾಲಿಗೆ ಕಚ್ಚಿಕೊಂಡಳು. "ಹುಡುಗಾಟ ಬೇಡ. ಇವಕ್ಕೆ ಬೇರೆಲ್ಲೂ ನಕಲು ಇಲ್ಲ. ಬೇರೆಯವರಿಗೆ ಸಿಗಬಾರದೂಂತ ನಿಮ್ಮ ತಮ್ಮನೇ ಎಲ್ಲ ತೆಗೆಸಿದಾರೆ."

ನನ್ನ ಕಾಗದದ ಮೂಲಗಳನ್ನು ರದ್ದಿಗೆ ಹಾಕಿದವನೂ ಅವನೇ.

ಮಾರ್ಚ್ ೧೦

ಕೂತೆ. ಎದ್ದೆ. ಇಪ್ಪತ್ತೆಂಟು ವರ್ಷದ ಕೆಲಸ... ಎದುರು ಮನೆಯವನಿಗೆ ಅಪಶಕುನವಾಗಲಿ ಅಂತ ಮೂಗು ಕೊಯ್ದುಕೊಂಡರಂತೆ. ಗೊತ್ತು. ಮೂಗು ನನ್ನದು.

ಮಾರ್ಚ್ ೧೮

ತಮ್ಮ ದೊಡ್ಡ ಗಿರಾಕಿಯನ್ನು ಕರೆತಂದ. "ಎಲ್ಲ ನಾನೇ ಬರೆದಿದ್ದು ಮೇಡಂ. ಅಕ್ಕ ದಾರ ಪೋಣಿಸಿಕೊಡ್ತಾಳೆ."

ಒಳಗೆ ಹೋದೆ. ಎಲ್ಲ ಸೆಲೆಕ್ಟ್. ಡಿಲೀಟ್. 'ಶಾಶ್ವತವಾಗಿ ಅಳಿಸಲೇ?' ಎಂದು ಕೇಳಿತು. ಈ ಅಂಗಡಿಯಲ್ಲಿ ನನ್ನನ್ನು ಒಂದು ಮಾತು ಕೇಳಿದ್ದು ಅದೊಂದೇ. ಹೌದು.

ಗಿರಾಕಿಗೆ ತೋರಿಸಲು ಬಂದವನು ಖಾಲಿ ಫೋಲ್ಡರ್ ನೋಡಿದ. "ಅಕ್ಕಾ! ಏನ್ ಮಾಡಿದೆ?"

"ನೀನೇ ಬರೆದದ್ದಲ್ವೇನೋ? ಮೇಡಂ ಎದುರಿಗೇ ಇನ್ನೊಂದ್ಸಲ ಬರಿ." ಪೆನ್ಸಿಲ್ ಕೈಗಿಟ್ಟೆ.

ಒಂದು ಗೆರೆಯೂ ಎಳೆಯಲಾಗಲಿಲ್ಲ ಅವನಿಗೆ. ಮೇಡಂ ಕ್ಯಾಟಲಾಗ್ ಮೇಜಿನ ಮೇಲೆ ಬಿಟ್ಟು ಹೋದರು. ಹಾಲು ಕುಡಿದಷ್ಟು ಸಂತೋಷವಾಯಿತು.

ಮಾರ್ಚ್ ೨೬

ಹೊಸ ಕಾಗದ. ಕ್ಯಾಟಲಾಗಿಗೆ ಸೇರದೆ ಉಳಿದಿದ್ದ ಜೋಡಿ ಹಕ್ಕಿಯಿಂದ ಶುರು. ಒಂದು ಬಂತು. ಎರಡನೆಯದರ ಕತ್ತು ಯಾವ ಕಡೆಗಿತ್ತು... ಮೂರು ಸಲ ಅಳಿಸಿದೆ. ತಮ್ಮ ಬಾಗಿಲಲ್ಲಿ ನಿಂತಿದ್ದ.

"ಎಡಕ್ಕೆ, ಅಕ್ಕ."

ಅವನು ಹೇಳಿದ್ದೇ ಸರಿ ಅಂತ ಕೈಗೆ ಗೊತ್ತಾಯಿತು. ಬಲಕ್ಕೆ ತಿರುಗಿಸಿ ಬರೆದೆ. ಚೆನ್ನಾಗಿಲ್ಲ. ಆದರೂ ನನ್ನದು.